ಒಂಬತ್ತು ಸೆಕೆಂಡು ಮುಂದಿನ ಹಾರ್ಮೋನಿಯಂ

ನಮ್ಮೂರಿನ ಊಟದ ಪಂಕ್ತಿಯಲ್ಲಿ ಬೆಟ್ಟದ ಬೀದಿಯವನೊಬ್ಬ ತಮಾಷೆ ಮಾಡಿದರೆ ನಾಲ್ಕು ಸಲ ನಗು ಏಳುತ್ತದೆ. ಮೊದಲು ಅವನ ಬೀದಿಯವರು ನಗುತ್ತಾರೆ. ಮೂರು ಸೆಕೆಂಡು ಬಿಟ್ಟು ನಮ್ಮ ಮಂಟಪದ ಬೀದಿಯವರು, ಇನ್ನು ಮೂರಕ್ಕೆ ಬಾವಿ ಬೀದಿಯವರು, ಮತ್ತೂ ಮೂರಕ್ಕೆ ಕೆರೆ ಬೀದಿಯವರು. ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿ ಕೂತು ಒಂದೇ ಬಕೆಟ್ಟಿನ ಸಾರು ಬಡಿಸಿಕೊಂಡಿದ್ದರೂ ಇಷ್ಟೇ. ಹುಟ್ಟಿದ ಬೀದಿ ಯಾವುದೋ ಕಿವಿಯೂ ಆ ಬೀದಿಯದೇ, ದನಿಯೂ ಆ ಬೀದಿಯದೇ. ಮದುವೆಯಾಗಿ ಬೇರೆ ಬೀದಿಗೆ ಹೋಗುವ ಹೆಣ್ಣುಮಕ್ಕಳು ಪೆಟ್ಟಿಗೆ, ಪಾತ್ರೆಗಳ ಜೊತೆ ತಮ್ಮ ಸೆಕೆಂಡುಗಳನ್ನೂ ಕಟ್ಟಿಕೊಂಡೇ ಹೋಗುತ್ತಾರೆ. ಕಣ್ಣಿಗೆ ಮಾತ್ರ ಈ ತಡವಿಲ್ಲ. ತುಟಿ ಆಡಿದ್ದು ಆಗಲೇ ಕಾಣುತ್ತದೆ, ಮಾತು ಆಮೇಲೆ ಬರುತ್ತದೆ.

ಹೊರಗಿನಿಂದ ಬಂದವರು ಹೀಗೆ ಬದುಕುವುದಾದರೂ ಹೇಗೆ ಎಂದು ಕನಿಕರದಿಂದ ಕೇಳುತ್ತಾರೆ. ನಾವು ಚೆನ್ನಾಗಿಯೇ ಬದುಕಿದ್ದೇವೆ. ಅತ್ತೆಯ ಬೈಗುಳ ಸೊಸೆಯ ಕಿವಿ ಮುಟ್ಟುವ ಹೊತ್ತಿಗೆ ಅತ್ತೆ ಹಿತ್ತಲಲ್ಲಿ ಕರಿಬೇವು ಕೀಳುತ್ತಿರುತ್ತಾಳೆ. ಜಗಳ ಅರ್ಧ ಅಲ್ಲಿಗೇ ಆರಿಹೋಗುತ್ತದೆ. ಬೇರೆ ಬೀದಿಯವರ ಮಾತು ಕಿವಿಗೆ ಬಿದ್ದ ಕೂಡಲೇ ಒಂದು ಚಪ್ಪಾಳೆ ತಟ್ಟುವುದು ನಮ್ಮಲ್ಲಿ ಮರ್ಯಾದೆ. 'ಮುಟ್ಟಿತು' ಎಂದು ಅದರ ಅರ್ಥ. ಚಪ್ಪಾಳೆ ಕಣ್ಣಿಗೆ ಕಾಣುವುದರಿಂದ ಮಾತಾಡಿದವರು ನೆಮ್ಮದಿಯಾಗಿ ಮುಂದಿನ ಮಾತಿಗೆ ಹೋಗಬಹುದು. ಚಪ್ಪಾಳೆಗೆ ಪ್ರತಿಯಾಗಿ ಚಪ್ಪಾಳೆ ತಟ್ಟಕೂಡದು ಎಂದು ಯಾರೋ ಹಿರಿಯರು ಕಟ್ಟು ಮಾಡಿಟ್ಟಿದ್ದಾರೆ, ಪುಣ್ಯ. ಇಲ್ಲದಿದ್ದರೆ ಊರು ಇವತ್ತಿಗೂ ತಟ್ಟುತ್ತಲೇ ಕೂತಿರುತ್ತಿತ್ತು.

ನನ್ನ ಹೆಸರು ಇಂದುಮತಿ. ಮಂಟಪದ ಬೀದಿಯ ತುದಿಯಲ್ಲಿ ವಿಡಿಯೊ ಸ್ಟುಡಿಯೊ ಇಟ್ಟು ಹದಿನೇಳು ವರ್ಷವಾಯಿತು. ಮದುವೆ, ನಾಮಕರಣ, ಸೀಮಂತ ಯಾವುದಿದ್ದರೂ ನನ್ನನ್ನೇ ಕರೆಯುತ್ತಾರೆ. ಇದನ್ನು ಜಂಭ ಎನ್ನುವುದಾದರೆ ಎನ್ನಿ. ಕ್ಯಾಮೆರಾದ ಗುಂಡಿ ಯಾರು ಒತ್ತುತ್ತಾರೋ ಅವರ ಕಿವಿಗೆ ಕೇಳಿಸಿದಂತೆಯೇ ಅದರಲ್ಲಿ ದನಿ ದಾಖಲಾಗುತ್ತದೆ. ಹಾಗಾಗಿ ಬೀದಿಗೊಬ್ಬ ಕ್ಯಾಮೆರಾದವರನ್ನು ಇಟ್ಟುಕೊಂಡಿದ್ದೇನೆ. ಬೆಟ್ಟದ ಬೀದಿಯವರ ಮಾತನ್ನು ಬೆಟ್ಟದ ಬೀದಿಯ ಬಸವಣ್ಣಿ ಹಿಡಿಯುತ್ತಾನೆ, ಕೆರೆ ಬೀದಿಯವರದನ್ನು ಕೆರೆ ಬೀದಿಯ ದೊರೆಸ್ವಾಮಿ. ಎಲ್ಲವನ್ನೂ ತಂದು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದು ಪಟ್ಟಿಯಾಗಿ ಹಾಸಿ, ಹಿಂದೆ ಮುಂದೆ ಸರಿಸಿ, ಒಂದೇ ಗಳಿಗೆಗೆ ಹೊಂದಿಸುವುದು ನನ್ನ ಕಸುಬು. ದಾಖಲಾದ ದನಿ ಒಂದು ರಾತ್ರಿ ಕಳೆದರೆ ತನ್ನ ಬೀದಿಯನ್ನು ಮರೆತುಬಿಡುತ್ತದೆ. ಟಿವಿಯಿಂದ ಹೊರಟಿತೆಂದರೆ ಎಲ್ಲರ ಕಿವಿಗೂ ಒಟ್ಟಿಗೇ ಮುಟ್ಟುತ್ತದೆ. ಗುರುತಿಲ್ಲದವರ ಮದುವೆಯ ವಿಡಿಯೊ ನೋಡಲೂ ಜನ ನನ್ನ ಅಂಗಡಿಗೆ ಬರುವುದು ಇದಕ್ಕೇ. ತಮಾಷೆಯ ಮಾತು ಮುಗಿಯುವುದೂ ಎಲ್ಲರೂ ನಗುವುದೂ ಒಟ್ಟಿಗೇ ಆದರೆ ಹೇಗಿರುತ್ತದೆ ಎಂದು ನೋಡುವ ಆಸೆ ಅವರಿಗೆ.

ಈ ವಿದ್ಯೆ ನನಗೆ ಸುಲಭವಾಗಿ ಬರಲಿಲ್ಲ. ಸಾಫ್ಟ್‌ವೇರ್ ಮಾರಿದ ಪಟ್ಟಣದ ಹುಡುಗಿ, "ಶುರುವಿನಲ್ಲಿ 'ರೆಡಿ' ಅಂತ ಹೇಳಿ ಒಂದೇ ಒಂದು ಚಪ್ಪಾಳೆ ತಟ್ಟಿ ಮೇಡಂ. ಎಲ್ಲಾ ಕ್ಯಾಮೆರಾದಲ್ಲೂ ಆ ಸದ್ದು ಹುಡುಕಿ ಒಂದರ ಕೆಳಗೆ ಒಂದು ಇಟ್ರೆ ಮುಗೀತು" ಎಂದಿದ್ದಳು. ಮೊದಲ ಮದುವೆಯಲ್ಲಿ ಹಾಗೇ ಮಾಡಿದೆ. ನಾನು 'ರೆಡಿ' ಎಂದೆ. ಇನ್ನೂರು ಜನ ಸಭ್ಯಸ್ಥರು, ಮಾತು ಮುಟ್ಟಿತು ಎಂದು ಎರಡು ಕಂತಿನಲ್ಲಿ ಚಪ್ಪಾಳೆ ತಟ್ಟಿದರು. ಮದುಮಗ ಕೈಯಲ್ಲಿದ್ದ ತಾಳಿಯನ್ನು ಬದಿಗಿಟ್ಟು ತಟ್ಟಿದ. ಅದರಲ್ಲಿ ನನ್ನ ಒಂದು ಚಪ್ಪಾಳೆಯನ್ನು ಹುಡುಕಿಕೊಡು ಎಂದರೆ ಸಾಫ್ಟ್‌ವೇರ್ ಕೈಚೆಲ್ಲಿ ಕೂತಿತು. ತಪ್ಪು ಚಪ್ಪಾಳೆಗೆ ಹೊಂದಿಸಿ, ವಧು ಅಳುವ ಮೊದಲೇ ಆಕೆಯ ತಾಯಿ ಸಮಾಧಾನ ಹೇಳಿ ಮುಗಿಸಿದಂಥ ವಿಡಿಯೊ ಮಾಡಿಕೊಟ್ಟೆ. ಆಮೇಲೆ ಬುದ್ಧಿ ಬಂತು. ಕಿವಿಯನ್ನು ಬಿಟ್ಟು ಕಣ್ಣನ್ನು ನಂಬಿದೆ. ಒಂದು ಕೆಂಪು ಕೊಡೆ ತಂದೆ. ಈಗ ಎಲ್ಲ ಕ್ಯಾಮೆರಾಗಳೂ ಓಡತೊಡಗಿದ ಮೇಲೆ, ಒಂದು ಮಾತೂ ಆಡದೆ, ಎಲ್ಲಕ್ಕೂ ಕಾಣುವಂತೆ ನಿಂತು ಕೊಡೆಯನ್ನು ಫಟ್ಟನೆ ಬಿಚ್ಚುತ್ತೇನೆ. ಕೊಡೆಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಕೊಡೆ ಅರಳಿದ ಫ್ರೇಮನ್ನು ಎಲ್ಲ ಪಟ್ಟಿಗಳಲ್ಲೂ ಹಿಡಿದು ಒಂದರ ಕೆಳಗೊಂದು ತಂದರೆ ಕೆಲಸ ಮುಗಿಯಿತು. ಅಂದಿನಿಂದ ಒಂದು ಫ್ರೇಮು ಕೂಡ ಅತ್ತಿತ್ತ ಆಗಿಲ್ಲ. ಇಂದುಮತಿಯ ಕೊಡೆ ಎಂದರೆ ಊರಿನಲ್ಲಿ ಪಂಚಾಂಗಕ್ಕಿಂತ ಒಂದು ತೂಕ ಹೆಚ್ಚು.

ಸಾಕಮ್ಮ ನನ್ನ ಅಂಗಡಿಗೆ ಬಂದದ್ದು ಒಂದು ಗುರುವಾರ. ಕೆರೆ ಬೀದಿಯಲ್ಲಿ ಹುಟ್ಟಿ, ಬೆಟ್ಟದ ಬೀದಿಯ ಟೈಲರ್ ಕಾಳಿಂಗಯ್ಯನವರನ್ನು ಮದುವೆಯಾಗಿ ಮೂವತ್ತೆಂಟು ವರ್ಷ ಕಳೆದ ಹೆಂಗಸು. ಅಂದರೆ ಗಂಡ ಹೆಂಡಿರ ನಡುವೆ ಪೂರಾ ಒಂಬತ್ತು ಸೆಕೆಂಡು, ಊರಿನಲ್ಲಿ ಇರುವ ಅತಿ ದೊಡ್ಡ ದೂರ. ಸಾಕಮ್ಮ ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಡುತ್ತಾರೆ, ಕಾಳಿಂಗಯ್ಯ ಪಡಸಾಲೆಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ. ಎರಡಕ್ಕೂ ತಾಳ ಇಲ್ಲ, ಮೇಳ ಇಲ್ಲ. ಬೆಟ್ಟದ ಬೀದಿಗೆ ಅದೊಂದು ನಿತ್ಯದ ಮನರಂಜನೆ. ಹಾರ್ಮೋನಿಯಂ ಪಲ್ಲವಿ ಮುಗಿಸಿ ಮುಂದಕ್ಕೆ ಹೊರಟಾಗ ಹಾಡು ಇನ್ನೂ ಹೊಸಿಲು ದಾಟುತ್ತಿರುತ್ತದೆ. ಅದೂ ಸಾಲದೆಂದು ಕಾಳಿಂಗಯ್ಯ ನುಡಿಸುವಾಗ ಎರಡೂ ಕಿವಿಗೆ ಅರಳೆ ತುರುಕಿಕೊಳ್ಳುತ್ತಾರೆ. "ಹೆಂಡ್ತಿ ಹಾಡು ಕೇಳಕ್ಕಾಗದೆ ಅರಳೆ ಇಟ್ಕೊಂಡವ್ರೆ" ಎಂದು ಪಕ್ಕದ ಮನೆಯ ಗುಂಡಮ್ಮ ಹೇಳಿ ಹೇಳಿ, ಅದು ಊರಿಗೆಲ್ಲ ನಿಜವೇ ಆಗಿಹೋಗಿತ್ತು. ನಾನೂ ನಂಬಿದ್ದೆ.

ಸಾಕಮ್ಮ ಕುರ್ಚಿಯ ತುದಿಯಲ್ಲಿ ಕೂತು ತುಟಿ ಆಡಿಸಿದರು. ನಾನು ಆರು ಸೆಕೆಂಡು ಕಾದೆ.

"ಗಂಟಲಲ್ಲಿ ಗಂಟಾಗದೆ ಕಣವ್ವ. ಸೋಮವಾರ ಪಟ್ಟಣದಲ್ಲಿ ಆಪರೇಷನ್ನು. ಆಮೇಲೆ ದನಿ ಇರ್ತದೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು."

ನಾನು ಚಪ್ಪಾಳೆ ತಟ್ಟಿದೆ. ಇಂಥ ಮಾತಿಗೂ ತಟ್ಟಲೇಬೇಕಾದ ನಮ್ಮ ಮರ್ಯಾದೆಯ ಮೇಲೆ ಆಗ ಸಿಟ್ಟು ಬಂತು.

"ಹಾಡ್ಬೇಡಿ ಅಂದವ್ರೆ. ನಾನು ಜಗಳ ಆಡಿ ಒಂದೇ ಒಂದು ಹಾಡು ಉಳಿಸ್ಕೊಂಡಿವ್ನಿ. ಅದನ್ನ ನೀನು ಹಿಡ್ಕೊಡ್ಬೇಕು. ಅವ್ರ ಪೆಟ್ಟಿಗೆ, ನನ್ನ ಹಾಡು, ಎರಡೂ ಒಟ್ಟಿಗೆ ಇರ್ಬೇಕು. ಅವ್ರು ಒಂದ್ಸಲ ಕೇಳ್ಬೇಕು. ಅಷ್ಟೇ."

"ಅದಕ್ಕೇನಂತೆ, ನನ್ನ ಕೊಡೆ ಇದೆಯಲ್ಲ" ಎಂದೆ. ಸಾಕಮ್ಮ ಆರು ಸೆಕೆಂಡು ನನ್ನನ್ನೇ ನೋಡುತ್ತ ಕೂತಿದ್ದು, ಚಪ್ಪಾಳೆ ತಟ್ಟಿ, ನಕ್ಕು ಎದ್ದು ಹೋದರು. ಆ ನಗು ಯಾಕೆ ಎಂದು ನನಗೆ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಸವಣ್ಣಿ, ದೊರೆಸ್ವಾಮಿ, ನಾನು ಮೂವರೂ ಸಾಕಮ್ಮನ ಮನೆಗೆ ಹೋದೆವು. ಪಡಸಾಲೆ, ನಡುಮನೆ, ಅಡುಗೆಮನೆ ಒಂದೇ ಸಾಲಿನಲ್ಲಿರುವ ಮನೆ ಅವರದು. ಬಾಗಿಲುಗಳು ತೆರೆದಿದ್ದರೆ ಹಾರ್ಮೋನಿಯಂ ಮುಂದೆ ಕೂತವರಿಗೆ ಒಲೆಯ ಮುಂದೆ ನಿಂತವರ ಬೆನ್ನು ಕಾಣುತ್ತದೆ. ಪಡಸಾಲೆಯಲ್ಲಿ ಕಾಳಿಂಗಯ್ಯನವರ ಎದುರು ಬಸವಣ್ಣಿ, ಅಡುಗೆಮನೆಯಲ್ಲಿ ಸಾಕಮ್ಮನ ಪಕ್ಕ ದೊರೆಸ್ವಾಮಿ, ನಡುಮನೆಯಲ್ಲಿ ಇಬ್ಬರೂ ಕಾಣುವಂತೆ ನಾನು. ಕಾಳಿಂಗಯ್ಯ ಅಂಗಿಯ ಜೇಬಿನಿಂದ ಅರಳೆ ತೆಗೆದು, ಬೆರಳಲ್ಲಿ ಹೊಸೆದು, ಕಿವಿಗೆ ಇಟ್ಟುಕೊಂಡರು. ನನಗೆ ಮೈ ಉರಿಯಿತು. ಹೆಂಡತಿಯ ಕೊನೆಯ ಹಾಡಿರಬಹುದು, ಇವತ್ತೂ ಅರಳೆಯೇ! ಕೊಡೆಯನ್ನು ಸ್ವಲ್ಪ ಜೋರಾಗಿಯೇ ಬಿಚ್ಚಿದೆ.

ಸಾಕಮ್ಮ ಹಾಲಿನ ಪಾತ್ರೆಯನ್ನು ಒಲೆಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು. ಅದೇ ಗಳಿಗೆಗೆ ಕಾಳಿಂಗಯ್ಯನವರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ ಇಳಿಯಿತು. ಸಾಕಮ್ಮನ ಬಾಯಿ ತೆರೆದದ್ದು ಎಷ್ಟೋ ಹೊತ್ತಿನ ಮೇಲೆ. ಅವರಮ್ಮ ಕಟ್ಟಿದ ಹಾಡಂತೆ ಅದು. "ಉಕ್ಕಬೇಡ ಹಾಲೇ ಉಕ್ಕಬೇಡ, ಮನೆಯವರೆಲ್ಲ ಏಳೋ ತನಕ" ಎಂದು ಹಾಲಿಗೆ ಹೇಳುವ ಹಾಡು. ನನ್ನ ಕಿವಿಗಂತೂ ಹಾರ್ಮೋನಿಯಂ ಒಂದೂರಲ್ಲಿ, ಹಾಡು ಇನ್ನೊಂದೂರಲ್ಲಿ. ಬಸವಣ್ಣಿ ನನ್ನ ಕಡೆ ನೋಡಿ ಕಣ್ಣು ಮೇಲಕ್ಕೆ ತಿರುಗಿಸಿದ. ದೊರೆಸ್ವಾಮಿ ಮಾತ್ರ ಹಾಡು ಮುಗಿದ ಮೇಲೆ ಹೆಗಲಿನ ಟವೆಲಿನಲ್ಲಿ ಮುಖ ಒತ್ತಿಕೊಳ್ಳುತ್ತಿದ್ದ.

"ಏನ್ರೀ ದೊರೆಸ್ವಾಮಿ?" ಎಂದೆ.

ಆರು ಸೆಕೆಂಡಿಗೆ ಚಪ್ಪಾಳೆ ತಟ್ಟಿ, "ಒಗ್ಗರಣೆ ಹೊಗೆ ಮೇಡಂ" ಎಂದ. ಒಲೆಯ ಮೇಲೆ ಇದ್ದದ್ದು ಬರೀ ಹಾಲು. ನನಗೆ ಆಗ ಹೊಳೆಯಬೇಕಿತ್ತು.

ಒಂದು ರಾತ್ರಿ ಕಳೆದು ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತೆ. ದೊರೆಸ್ವಾಮಿಯದರಿಂದ ಹಾಡು, ಬಸವಣ್ಣಿಯದರಿಂದ ಹಾರ್ಮೋನಿಯಂ. ಮೂರೂ ಪಟ್ಟಿಗಳಲ್ಲಿ ಕೆಂಪು ಕೊಡೆ ಅರಳುವ ಫ್ರೇಮು ಹಿಡಿದು ನೂಲು ಹಿಡಿದಂತೆ ಸಾಲಾಗಿ ನಿಲ್ಲಿಸಿದೆ. ಓಡಿಸಿದೆ. ಹಾರ್ಮೋನಿಯಂ ಹಾಡಿಗಿಂತ ಒಂಬತ್ತು ಸೆಕೆಂಡು ಮುಂದೆ. ನನ್ನ ತಪ್ಪಿರಬೇಕು ಎಂದುಕೊಂಡು ಅಳಿಸಿ ಮತ್ತೆ ಕೂರಿಸಿದೆ. ಮತ್ತೆ ಒಂಬತ್ತು. ಮೂರನೆಯ ಸಲ ಕೊಡೆಯನ್ನೇ ಅನುಮಾನಿಸಿ, ಸಾಕಮ್ಮ ಕೈ ಒರೆಸಿಕೊಂಡ ಗಳಿಗೆಯನ್ನು ನನ್ನ ಪಟ್ಟಿಯಲ್ಲೂ ದೊರೆಸ್ವಾಮಿಯ ಪಟ್ಟಿಯಲ್ಲೂ ಹುಡುಕಿ ಸರಿನೋಡಿದೆ. ಕೊಡೆಯದು ಏನೂ ತಪ್ಪಿರಲಿಲ್ಲ. ಗುಂಡಮ್ಮ ಹೇಳಿದ್ದೇ ಸರಿ, ಈ ಮನುಷ್ಯನಿಗೆ ತಾಳವೇ ಗೊತ್ತಿಲ್ಲ ಎಂದುಕೊಂಡೆ. ಸಾಕಮ್ಮನಿಗೆ ಇನ್ನೊಂದು ಸಲ ಹಾಡಿ ಎನ್ನುವಂತಿರಲಿಲ್ಲ. ಇದ್ದದ್ದು ಅದೊಂದೇ.

ಮುಖ ಊದಿಸಿಕೊಂಡು ಕಾಳಿಂಗಯ್ಯನವರ ಟೈಲರ್ ಅಂಗಡಿಗೆ ಹೋದೆ. ಅವರು ಯಾರದೋ ರವಿಕೆಗೆ ತೋಳು ಕೂರಿಸುತ್ತಿದ್ದರು.

"ನೀವು ಮುಂದಕ್ಕೆ ಓಡಿಬಿಟ್ಟಿದೀರಿ. ಎಷ್ಟು ಹೊಂದಿಸಿದ್ರೂ ಸರಿಹೋಗ್ತಿಲ್ಲ. ಪಾಪ, ಅವರು ಎಷ್ಟು ಆಸೆ ಇಟ್ಕೊಂಡಿದಾರೆ ಗೊತ್ತಾ?" ಎಂದೆ.

ಮೂರು ಸೆಕೆಂಡಿಗೆ ಅವರು ಚಪ್ಪಾಳೆ ತಟ್ಟಿದರು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಟೋಪಿ ಕಳಚಿ ಕೆಳಗೆ ಉರುಳಿತು. ಅದನ್ನು ಹೆಕ್ಕುತ್ತ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಕ್ಕರು.

"ಹೌದು ತಾಯಿ. ಅಭ್ಯಾಸ ಬಿದ್ದೋಗದೆ. ಒಂದ್ ಕೆಲಸ ಮಾಡಿ, ನಂದು ತೆಗೆದಾಕ್ಬುಡಿ. ಅವಳ ಹಾಡು ಇರ್ಲಿ, ಸಾಕು."

ನಾನು ಸಿಟ್ಟಿನಲ್ಲೇ ಬಂದು ಅವರ ಹಾರ್ಮೋನಿಯಂ ತೆಗೆದುಹಾಕಿದೆ. ಇಡೀ ಪಟ್ಟಿ, ಒಂದೇ ಗುಂಡಿ. ಉಳಿದದ್ದು ದೊರೆಸ್ವಾಮಿಯ ಅಡುಗೆಮನೆಯ ಪಟ್ಟಿ. ಅದರಲ್ಲೂ ಪಡಸಾಲೆಯಿಂದ ತೂರಿಬಂದ ಹಾರ್ಮೋನಿಯಂ ಸಣ್ಣದಾಗಿ ಸೇರಿಕೊಂಡಿರುತ್ತದೆ, ಅಕ್ಕಿಯಲ್ಲಿ ಕಲ್ಲಿನ ಹಾಗೆ. ಅದನ್ನು ಆರಿಸಿ ತೆಗೆಯಬೇಕು. ಬೇರೆ ಎಲ್ಲ ದನಿಗಳನ್ನೂ ಮುಚ್ಚಿ, ಅದೊಂದನ್ನೇ ಹಚ್ಚಿ, ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದೆ.

ಹಾಲು ಕಾಯುವ ಸದ್ದು. ದೂರದಲ್ಲಿ ಹಾರ್ಮೋನಿಯಂ ಎದ್ದಿತು. ಅದೇ ಉಸಿರಿಗೆ ಸಾಕಮ್ಮ, "ಉಕ್ಕಬೇಡ ಹಾಲೇ..." ಎಂದರು. ಎರಡೂ ಒಟ್ಟಿಗೆ. ಆಕೆ ಎಳೆದಲ್ಲಿ ಅದು ಎಳೆಯಿತು, ಆಕೆ ನಿಂತಲ್ಲಿ ಅದು ಕಾದಿತು. ಎರಡನೆಯ ಸಾಲಿನಲ್ಲಿ ಗಂಟಲು ಕಟ್ಟಿ ಆಕೆ ಒಂದು ಸ್ವರ ಬಿಟ್ಟಾಗ, ಹಾರ್ಮೋನಿಯಂ ಅದನ್ನು ಬೀಳಗೊಡದೆ ಹಿಡಿದುಕೊಂಡಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹದಿನೇಳು ವರ್ಷ ನಾನು ಕೂಡಿಸಿದ ಯಾವ ಎರಡು ದನಿಗಳೂ ಹಾಗೆ ಕೂಡಿರಲಿಲ್ಲ.

ಹೆಡ್‌ಫೋನ್ ತೆಗೆದು ಲೆಕ್ಕ ಹಾಕಿದೆ. ಕೆರೆ ಬೀದಿಯ ಕಿವಿಗೆ ಬೆಟ್ಟದ ಬೀದಿಯ ಹಾರ್ಮೋನಿಯಂ ಒಂಬತ್ತು ಸೆಕೆಂಡು ತಡವಾಗಿ ಬರುತ್ತದೆ. ಆದ್ದರಿಂದ ಆ ಮನುಷ್ಯ ಒಂಬತ್ತು ಸೆಕೆಂಡು ಮೊದಲೇ ನುಡಿಸುತ್ತಾನೆ. ಹೆಂಡತಿಯ ಕಿವಿಗೆ ಸರಿಯಾಗಿ ಬೀಳಲಿ ಎಂದು, ತನ್ನ ಕಿವಿಗೆ ಅದು ಎಂದೆಂದೂ ಸರಿಯಾಗಿ ಬೀಳದ ಹಾಗೆ ನುಡಿಸುತ್ತಾನೆ. ಅವರು ಒಂಬತ್ತು ಮುಂದೆ, ಹಾಡು ಒಂಬತ್ತು ತಡ, ಹೀಗೆ ಅವರ ಕಿವಿಗೆ ಹಾಡು ಬರುವುದು ಹದಿನೆಂಟು ಸೆಕೆಂಡು ಹಿಂದೆ. ಆ ಗೊಂದಲ ಬೆರಳನ್ನು ತಪ್ಪಿಸಬಾರದೆಂದೇ ಅರಳೆ. ಊರಿಡೀ ನಗುತ್ತಿದ್ದರೂ ಮೂವತ್ತೆಂಟು ವರ್ಷ ಒಂದು ಮಾತು ಹೇಳಿಕೊಂಡಿಲ್ಲ. ಮತ್ತು ನಾನು ಹೋಗಿ ಅವರ ಅಂಗಡಿಯಲ್ಲಿ ನಿಂತು, ತಾಳ ತಪ್ಪಿದ್ದೀರಿ ಎಂದು ಹೇಳಿ ಬಂದಿದ್ದೆ! ನಾಚಿಕೆಯಾಯಿತು, ಅಳು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಕುಣಿಯುವಷ್ಟು ಸಂತೋಷವಾಯಿತು. ದೊರೆಸ್ವಾಮಿಯನ್ನು ಕರೆಸಿ, "ಯಾಕ್ರೀ ಹೇಳಲಿಲ್ಲ ನನಗೆ?" ಎಂದು ಗದರಿದೆ.

ಅವನು ತಬ್ಬಿಬ್ಬಾದ. "ಏನ್ ಹೇಳೋದು ಮೇಡಂ? ಚೆನ್ನಾಗಿತ್ತು. ಎಲ್ರಿಗೂ ಹಂಗೇ ಕೇಳ್ಸಿರ್ತದೆ ಅಂದ್ಕೊಂಡೆ."

ಇನ್ನು ನನ್ನ ಕೆಲಸ. ಅಳಿಸಿದ ಹಾರ್ಮೋನಿಯಂ ಮರಳಿ ತಂದೆ. ಬರೀ ದನಿಯನ್ನು ಸರಿಸಿದರೆ ಬೆರಳು ಒಂದು ಕಡೆ, ಸ್ವರ ಒಂದು ಕಡೆ ಆಗುತ್ತದೆ. ಬಸವಣ್ಣಿಯ ಚಿತ್ರವನ್ನೂ ದನಿಯನ್ನೂ ಜೊತೆಯಲ್ಲೇ ಒಂಬತ್ತು ಸೆಕೆಂಡು ಹಿಂದಕ್ಕೆ ತಳ್ಳಬೇಕು. ಹಾಗೆ ಮಾಡಿದರೆ ಇಬ್ಬರೂ ಒಟ್ಟಿಗೆ ಕಾಣುವ ನನ್ನ ನಡುಮನೆಯ ಪಟ್ಟಿ ಕೆಲಸಕ್ಕೆ ಬಾರದು. ಕಿಟಕಿಯ ಬೆಳಕು ಅದರಲ್ಲಿ ಎಷ್ಟು ಚಂದ ಬಿದ್ದಿತ್ತು! ಹಲ್ಲು ಕಚ್ಚಿ ತೆಗೆದುಹಾಕಿದೆ. ಪರದೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಅಡುಗೆಮನೆ, ಬಲಕ್ಕೆ ಪಡಸಾಲೆ ಇಟ್ಟೆ. ಕೊಡೆ ಮಾತ್ರ ಈಗ ಎಡದಲ್ಲಿ ಮೊದಲು ಅರಳುತ್ತದೆ, ಬಲದಲ್ಲಿ ಒಂಬತ್ತು ಸೆಕೆಂಡಿನ ಮೇಲೆ. ಎಲ್ಲರೆದುರು ಇಂದುಮತಿಯ ಕೊಡೆ ತಪ್ಪುತ್ತದೆ. ಕತ್ತರಿಸಿ ಬಿಸಾಡಬಹುದಿತ್ತು. ಬೇಡ, ನೋಡಲಿ ಎಂದು ಹಾಗೇ ಬಿಟ್ಟೆ.

ಭಾನುವಾರ ಮಧ್ಯಾಹ್ನ ಸಾಕಮ್ಮ, ಕಾಳಿಂಗಯ್ಯ ಇಬ್ಬರೂ ಅಂಗಡಿಗೆ ಬಂದರು. ಕರೆಯದಿದ್ದರೂ ಗುಂಡಮ್ಮ ಬಂದರು, ಕೈಯಲ್ಲಿ ಹುರಿದ ಕಡಲೆಕಾಯಿಯ ಪೊಟ್ಟಣ ಬೇರೆ. ಬೆಟ್ಟದ ಬೀದಿಯ ಇನ್ನೂ ಏಳೆಂಟು ಜನ ಗೋಡೆಗೆ ಒರಗಿ ನಿಂತರು, ನಗಲು ಸಿದ್ಧರಾಗಿ. ನಾನು ಕಾಳಿಂಗಯ್ಯನವರ ಮುಂದೆ ನಿಂತು ಅಂಗೈ ಚಾಚಿ, "ಅರಳೆ ಕೊಡಿ" ಎಂದೆ.

ಮೂರು ಸೆಕೆಂಡು. ಚಪ್ಪಾಳೆ. "ನನ್ನ ಪೆಟ್ಟಿಗೆ ತೆಗೆದಾಕಿಲ್ವಾ?" ಎಂದರು ಗಾಬರಿಯಿಂದ.

"ಇಲ್ಲ. ಕೊಡಿ" ಎಂದೆ. ಜೇಬಿನಿಂದ ತೆಗೆದುಕೊಟ್ಟರು. ಎರಡು ಸಣ್ಣ ಉಂಡೆಗಳು, ಮೂವತ್ತೆಂಟು ವರ್ಷದ ಅಪವಾದ.

ವಿಡಿಯೊ ಹಚ್ಚಿದೆ. ಎಡಗಡೆ ಕೆಂಪು ಕೊಡೆ ಅರಳಿತು. ಬಲಗಡೆ ಏನೂ ಇಲ್ಲ. "ಮೇಡಂ, ಕೊಡೆ ತಪ್ಪೋಯ್ತು!" ಎಂದು ಬಸವಣ್ಣಿ ಕೂಗಿದ. ಗುಂಡಮ್ಮ ಕಡಲೆಕಾಯಿ ಒಡೆಯುವುದನ್ನು ನಿಲ್ಲಿಸಿದರು. ಒಂಬತ್ತು ಎಣಿಸುವಷ್ಟರಲ್ಲಿ ಬಲಗಡೆಯೂ ಕೊಡೆ ಅರಳಿತು. ಬಲಗಡೆ ಬೆರಳು ಇಳಿಯಿತು, ಎಡಗಡೆ ಬಾಯಿ ತೆರೆಯಿತು. ಹಾಡೂ ಹಾರ್ಮೋನಿಯಮ್ಮೂ ಕೈ ಹಿಡಿದುಕೊಂಡು ಅಂಗಡಿಯ ತುಂಬ ನಡೆದವು.

ಟಿವಿಯ ದನಿಯಾದ್ದರಿಂದ ಎಲ್ಲರಿಗೂ ಒಟ್ಟಿಗೇ ಮುಟ್ಟಿತು. ಬೆಟ್ಟದ ಬೀದಿಯವರು ಗೋಡೆಗೆ ಒರಗಿದ್ದವರು ನೆಟ್ಟಗಾದರು. ಗುಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಾಲ್ಕು ನಿಮಿಷ ಹಾಗೇ ಇದ್ದರು. ಕಾಳಿಂಗಯ್ಯ ಮಾತ್ರ ಪರದೆ ನೋಡಲಿಲ್ಲ. ಕಣ್ಣು ಮುಚ್ಚಿ, ಕುತ್ತಿಗೆ ಸ್ವಲ್ಪ ಚಾಚಿ ಕೇಳಿದರು. ತೊಡೆಯ ಮೇಲೆ ಬೆರಳು ನುಡಿಸುತ್ತಲೇ ಇತ್ತು, ಈ ಸಲ ಹಾಡಿನ ಜೊತೆಗೇ. ಸಾಕಮ್ಮ ಹಾಡು ಕೇಳಲೇ ಇಲ್ಲ. ಗಂಡ ಕೇಳುವುದನ್ನು ನೋಡುತ್ತ ಕೂತಿದ್ದರು.

ಹಾಡು ಮುಗಿಯಿತು. ಕಾಳಿಂಗಯ್ಯ ಕಣ್ಣು ತೆರೆದು ಹೆಂಡತಿಯ ಕಡೆ ತಿರುಗಿದರು. ಆಕೆ ಹಾಡುವಾಗೆಲ್ಲ ಅವರ ಎರಡೂ ಕೈ ಹಾರ್ಮೋನಿಯಂ ಮೇಲೆ ಇರುತ್ತಿದ್ದವಲ್ಲ, ಮೂವತ್ತೆಂಟು ವರ್ಷದಲ್ಲಿ ಆ ಹಾಡಿಗೆ ಒಂದು 'ಮುಟ್ಟಿತು' ಹೇಳಲು ಅವರಿಗೆ ಪುರುಸೊತ್ತೇ ಆಗಿರಲಿಲ್ಲ. ಈಗ ಎರಡೂ ಕೈ ಎತ್ತಿ ಒಂದು ಚಪ್ಪಾಳೆ ತಟ್ಟಿದರು. ಕಂಡದ್ದು ಆಗಲೇ, ಸದ್ದು ಮಾತ್ರ ಒಂಬತ್ತು ಸೆಕೆಂಡಿಗೆ ಸಾಕಮ್ಮನ ಕಿವಿಗೆ ಹೋಗಬೇಕು. ಅದು ಮುಟ್ಟಿದ್ದು ಸಾಕಮ್ಮನ ಮುಖದಲ್ಲಿ ಗೊತ್ತಾಯಿತು.

ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. "ಹಾಡುವಾಗ ನಿಮ್ಮಿಬ್ಬರಲ್ಲಿ ಯಾರ ಹಿಂದೆ ಯಾರು ಹೋಗೋದು?" ಎಂದು. ಕಾಳಿಂಗಯ್ಯ, "ನಾನು ಸುಮ್ನೆ ಬಾಗಿಲು ತೆಗೆದಿಟ್ಟು ಹೋಗ್ತೀನಿ. ಅವಳೇ ನೋಡ್ಕೊಂಡು ಬರ್ತಾಳೆ" ಎಂದರು. ಸಾಕಮ್ಮ, "ನಾನ್ಯಾಕೆ ಹೋಗ್ಲಿ? ನಾನು ಎಲ್ಲಿಗೆ ಹೊಂಟಿವ್ನಿ ಅಂತ ನನಗಿಂತ ಮುಂಚೆ ಅವ್ರಿಗೆ ಗೊತ್ತಿರ್ತದೆ" ಎಂದರು. "ಅವ್ರು ಮೊದಲೇ ನುಡಿಸ್ತಾರೆ ಅಂತ ನಿಮಗೆ ಗೊತ್ತಿತ್ತಾ?" ಎಂದದ್ದಕ್ಕೆ, "ಮದುವೆಯಾದ ನಾಕನೇ ತಿಂಗಳಿಂದ ಗೊತ್ತು ಕಣವ್ವ. ಅವ್ರೂ ಹೇಳಿಲ್ಲ, ನಾನೂ ಕೇಳಿಲ್ಲ" ಎಂದು, ಹಿಂದಿನ ಗುರುವಾರದ ನಗುವನ್ನೇ ಇನ್ನೊಮ್ಮೆ ನಕ್ಕರು.

ಸೋಮವಾರ ಆಪರೇಷನ್ ಆಯಿತು. ಎರಡು ತಿಂಗಳು ಪಿಸುಮಾತೂ ಆಡಕೂಡದು ಎಂದು ಡಾಕ್ಟರು ಕಟ್ಟಾಜ್ಞೆ ಮಾಡಿದ್ದರು. ಸಾಕಮ್ಮ ಕೊರಳಿಗೊಂದು ಸ್ಲೇಟು ತೂಗುಹಾಕಿಕೊಂಡು ಓಡಾಡಿದರು. ಬರೆದದ್ದು ತಡವಾಗದೆ ಮುಟ್ಟುವುದರಿಂದ ಗಂಡನನ್ನು ಬೈಯಲು ಅದೇ ವಾಸಿ ಎಂದು ನನಗೂ ಬರೆದು ತೋರಿಸಿದರು. ಹಾರ್ಮೋನಿಯಂ ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿತ್ತು. ಬೆಟ್ಟದ ಬೀದಿ ಬೆಳಿಗ್ಗೆ ಹೊತ್ತು ಭಣಗುಟ್ಟುತ್ತದೆ ಎಂದು ಗುಂಡಮ್ಮ ಕಂಡಕಂಡವರ ಹತ್ತಿರ ಹೇಳಿಕೊಂಡರು. ದನಿ ಬರುತ್ತದೆಯೋ ಇಲ್ಲವೋ ಎಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಒಂದು ದಿನ ಸಾಕಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ಸ್ಲೇಟು ಎತ್ತಿ ತೋರಿಸಿದರು: 'ನಾಳೆ ಬೆಳಿಗ್ಗೆ ಬಾ. ಕ್ಯಾಮೆರಾ ಬೇಡ.'

ಹೋದೆ. ನಡುಮನೆಯಲ್ಲಿ, ಹಿಂದೆ ಕೊಡೆ ಬಿಚ್ಚಿದ ಜಾಗದಲ್ಲೇ ನಿಂತೆ. ಕಾಳಿಂಗಯ್ಯನವರ ಕಿವಿಯಲ್ಲಿ ಅರಳೆ ಇರಲಿಲ್ಲ. ಸಾಕಮ್ಮ ಹಾಲು ಒಲೆಗಿಟ್ಟು, ನಮಗೆ ಬೆನ್ನು ಮಾಡಿ, ಸೆರಗಿಗೆ ಕೈ ಒರೆಸಿಕೊಂಡರು. ಬೆರಳುಗಳು ಇಳಿದವು. ಹಾರ್ಮೋನಿಯಂ ನನ್ನನ್ನು ಮುಟ್ಟಿದಾಗ ಗೊತ್ತಾಯಿತು, ಅವರು ಶ್ರುತಿಯನ್ನು ಒಂದು ಮನೆ ಇಳಿಸಿಟ್ಟಿದ್ದರು. ಯಾರೂ ಹೇಳಿರಲಿಲ್ಲ, ತಾವೇ ಊಹಿಸಿದ್ದು. ಒಂಬತ್ತು ಸೆಕೆಂಡು ನುಡಿಸಿದ ಮೇಲೆ ಸಾಕಮ್ಮನ ಹೆಗಲು ಮೇಲೆದ್ದು ಇಳಿಯಿತು. ಉಸಿರು ಎಳೆದುಕೊಂಡದ್ದು ನಮ್ಮಿಬ್ಬರಿಗೂ ಕಂಡಿತು. ದನಿ ಬಂತೋ, ಬರೀ ಗಾಳಿ ಬಂತೋ, ಬೆನ್ನು ನೋಡಿ ಹೇಗೆ ಹೇಳುವುದು?

ಕಾಳಿಂಗಯ್ಯನವರಿಗೆ ತಿಳಿಯಬೇಕಾದರೆ ಇನ್ನೂ ಒಂಬತ್ತು ಸೆಕೆಂಡು. ನನಗೆ ಆರೇ. ಅವರು ನುಡಿಸುವುದನ್ನು ನಿಲ್ಲಿಸದೆ, ತಲೆಯೆತ್ತಿ ನನ್ನನ್ನೇ ನೋಡತೊಡಗಿದರು. ನಾನು ಎಣಿಸಿದೆ. ಒಂದು. ಎರಡು. ಇಷ್ಟು ವರ್ಷ ಈ ಕಸುಬಿನಲ್ಲಿದ್ದರೂ ಸೆಕೆಂಡು ಇಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೂರು. ನಾಲ್ಕು. ಹಾಲು ಅಂಚಿಗೆ ಏರುತ್ತಿತ್ತು. ಐದು.

ಸ್ವಲ್ಪ ಒರಟಾಗಿ, ಸ್ವಲ್ಪ ತಗ್ಗಿನಲ್ಲಿ, ಹಾಲಿಗೆ ಉಕ್ಕಬೇಡ ಎಂದು ಹೇಳುತ್ತ ಅದು ಬಂತು. ಕಾಳಿಂಗಯ್ಯ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎರಡೂ ಕೈ ಮೇಲೆತ್ತಿ, ಅವರಿಗೆ ಚೆನ್ನಾಗಿ ಕಾಣುವಂತೆ, ಚಪ್ಪಾಳೆ ತಟ್ಟಿದೆ.